ಗಂಧದ ಕಡ್ಡಿಯಲ್ಲಿ ಗಂಧವೆಷ್ಟು?

ಚಿತ್ರದುರ್ಗ: ಹೊಳಲ್ಕೆರೆಯ ಬಯಲು ಗಣಪತಿಯ ಸನ್ನಿಧಿಯಾಗಲಿ, ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಆಸುಪಾಸಾಗಲಿ, ಪೂಜಾ ಸಾಮಗ್ರಿಯ ಅಂಗಡಿಯೆದುರು ನಿಂತವರ ಕಣ್ಣಿಗೆ ಬೀಳುವುದು ಊದುಬತ್ತಿ ಪೊಟ್ಟಣಗಳ ಸಾಲು. ಅವುಗಳಲ್ಲಿ ಹಲವುದರ ಮೇಲೆ ಗಂಧದ ಕೊರಡಿನ ಚಿತ್ರ, ಪಕ್ಕದಲ್ಲಿ ಸಾಣೆಕಲ್ಲು, ಮೇಲೆ 'ಸ್ಯಾಂಡಲ್' ಅಥವಾ 'ಚಂದನ' ಎಂಬ ಹೆಸರು. ಹತ್ತು ರೂಪಾಯಿಯ ಪೊಟ್ಟಣದ ಮೇಲೂ ಅದೇ ಚಿತ್ರ, ಇನ್ನೂರು ರೂಪಾಯಿಯ ಪೊಟ್ಟಣದ ಮೇಲೂ ಅದೇ ಚಿತ್ರ. ಇವೆರಡರ ನಡುವಿನ ಅಂತರ ಯಾತರದು ಎಂದು ಗ್ರಾಹಕ ಕೇಳಿದರೆ ಅಂಗಡಿಯವರಿಂದ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಅದು ಒರಿಜಿನಲ್ಲು ಸ್ವಾಮಿ."

ಒರಿಜಿನಲ್ ಎಂದರೇನು ಎಂಬುದನ್ನು ತಿಳಿಯಲು ಹೆಸರಿನಿಂದಲೇ ಆರಂಭಿಸಬಹುದು. ಊದುಬತ್ತಿಯ 'ಊದು' ಅರಬ್ಬಿ ಮೂಲದ ಪದ. ಅದು ಅಗರು ಮರಕ್ಕೆ ಇರುವ ಹೆಸರು. ಅಗರಬತ್ತಿಯ 'ಅಗರು' ಕೂಡ ಅದೇ ಮರ. ಈಶಾನ್ಯ ಭಾರತದಲ್ಲಿ ಬೆಳೆಯುವ ಈ ಮರಕ್ಕೂ ನಮ್ಮ ಶ್ರೀಗಂಧಕ್ಕೂ ಯಾವ ನಂಟೂ ಇಲ್ಲ. ಅಂದರೆ ನಾವು ದಿನವೂ ಹಚ್ಚುವ ಕಡ್ಡಿಯ ಎರಡು ಹೆಸರುಗಳಲ್ಲೂ ಗಂಧವಿಲ್ಲ. 'ಗಂಧದ ಕಡ್ಡಿ' ಎಂಬ ಮೂರನೆಯ ಹೆಸರಿನಲ್ಲಿ ಮಾತ್ರ ಅದು ಇದೆ. ಆದರೆ ಕನ್ನಡದಲ್ಲಿ ಗಂಧವೆಂದರೆ ಶ್ರೀಗಂಧವೂ ಹೌದು, ಬರಿಯ ಪರಿಮಳವೂ ಹೌದು. ವ್ಯಾಪಾರಕ್ಕೆ ಈ ದ್ವಂದ್ವಾರ್ಥ ಬಹಳ ಅನುಕೂಲವಾಗಿಯೇ ಒದಗಿಬಂದಿದೆ.

ಚೇಗು ಕಟ್ಟಿದರಷ್ಟೇ ಪರಿಮಳ

ಶ್ರೀಗಂಧದ ಮರವೆಲ್ಲ ಗಂಧವಲ್ಲ. ತೊಗಟೆಯ ಒಳಗಿನ ಬಿಳಿ ಮರಕ್ಕೆ ಪರಿಮಳವಿಲ್ಲ. ಎಣ್ಣೆ ಇರುವುದು ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕಟ್ಟಲು ಮರಕ್ಕೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಬೇಕು. ಒಳ್ಳೆಯ ಎಣ್ಣೆ ತುಂಬಿಕೊಳ್ಳಲು ಇಪ್ಪತ್ತೈದು, ಮೂವತ್ತು ವರ್ಷವೂ ಆದೀತು. ಎಣ್ಣೆಯ ಜೀವಾಳವೆಂದರೆ ಸ್ಯಾಂಟಲಾಲ್ ಎಂಬ ಸಂಯುಕ್ತ. ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 3518 ಪ್ರಕಾರ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಆಸ್ಟ್ರೇಲಿಯಾದ ಕಾಡುಗಂಧ, ಪೂರ್ವ ಆಫ್ರಿಕಾದ ಗಂಧ ಎಂದು ಮಾರಾಟವಾಗುವ ಬೇರೆ ಜಾತಿಯ ಮರಗಳಲ್ಲಿ ಈ ಪ್ರಮಾಣ ಬೇರೆ. ವೆಸ್ಟ್ ಇಂಡೀಸಿನ ಗಂಧವೆಂದು ಹೆಸರಾದ ಅಮೈರಿಸ್ ಎಣ್ಣೆಯಂತೂ ಶ್ರೀಗಂಧದ ಕುಲಕ್ಕೇ ಸೇರಿದ್ದಲ್ಲ.

ಈ ಮರ ಅರೆ ಪರಾವಲಂಬಿ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಅಂಟಿಸಿಕೊಂಡು ನೀರು, ಪೋಷಕಾಂಶ ಹೀರುತ್ತದೆ. ಆದ್ದರಿಂದ ಒಂಟಿಯಾಗಿ ನೆಟ್ಟರೆ ಬಾಳುವುದು ಕಷ್ಟ. ತೊಗರಿ, ಹೊಂಗೆ, ಸರ್ವೆಯಂತಹ ಆಸರೆ ಬೇಕು. ಮಳೆ ಕಡಿಮೆಯಿರುವ, ಕಲ್ಲುಮಿಶ್ರಿತ ನೆಲದಲ್ಲಿ ಅದು ನಿಧಾನವಾಗಿ ಬೆಳೆಯುತ್ತದೆ. ಹಾಗೆ ಬೆಳೆದ ಮರದ ಚೇಗಿಗೆ ವ್ಯಾಪಾರದಲ್ಲಿ ಹೆಚ್ಚಿನ ಬೆಲೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಬಯಲುಸೀಮೆಯ ಬೆಟ್ಟಸಾಲು ಈ ಮರಕ್ಕೆ ಒಗ್ಗಿದ ನೆಲವಾಗಿರುವುದು ಇದೇ ಕಾರಣಕ್ಕೆ.

ಮರ ಯಾರದೆಂಬ ಪ್ರಶ್ನೆಗೂ ಇಲ್ಲಿ ಹಳೆಯ ಇತಿಹಾಸವಿದೆ. 1779ರಲ್ಲಿ ದುರ್ಗದ ಕೋಟೆ ಹೈದರಾಲಿಯ ವಶವಾಗಿ ಈ ಸೀಮೆ ಮೈಸೂರಿಗೆ ಸೇರಿತು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಅಲ್ಲಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಅರಸರ, ನಂತರ ಸರ್ಕಾರದ ಸ್ವತ್ತು. ರೈತನಿಗೆ ಅದು ಸಂಪತ್ತಲ್ಲ, ತಲೆನೋವು. ಗಿಡ ಚಿಕ್ಕದಿರುವಾಗಲೇ ಕಿತ್ತುಹಾಕಿದರೆ ಮುಂದಿನ ತೊಂದರೆ ತಪ್ಪೀತು ಎಂಬ ಲೆಕ್ಕಾಚಾರ ಹಳ್ಳಿಗಳಲ್ಲಿ ಹುಟ್ಟಿದ್ದು ಸಹಜವೇ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಖಾಸಗಿ ಜಮೀನಿನ ಗಂಧದ ಮರಕ್ಕೆ ಜಮೀನಿನ ಒಡೆಯನೇ ಹಕ್ಕುದಾರ ಎಂದು ಒಪ್ಪಲಾಯಿತು. ಅಷ್ಟರಲ್ಲಿ ಕಾಡಿನ ಗಂಧ ಬಹುಪಾಲು ಬರಿದಾಗಿತ್ತು. 1950ರ ದಶಕದವರೆಗೆ ವರ್ಷಕ್ಕೆ ಸುಮಾರು 4,000 ಟನ್ ಇದ್ದ ದೇಶದ ಚೇಗಿನ ಉತ್ಪಾದನೆ ಕೆಲವು ನೂರು ಟನ್‌ಗೆ ಇಳಿಯಿತು. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗ, ಮಿತಿಮೀರಿದ ಕಡಿತ, ಕಳ್ಳಸಾಗಣೆ ಮೂರೂ ಸೇರಿ ಮಾಡಿದ ಕೆಲಸವಿದು.

ಹಾಗಾದರೆ ಕಡ್ಡಿಯೊಳಗೆ ಏನಿದೆ?

ಊದುಬತ್ತಿಯಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು ಮಸಾಲೆ ಬತ್ತಿ. ಮರದ ಪುಡಿ, ಬೇರು, ಹೂವು, ರಾಳಗಳನ್ನು ಜಿಗಟು ಎಂಬ ಅಂಟು ತೊಗಟೆಯ ಪುಡಿಯೊಂದಿಗೆ ನಾದಿ, ಆ ಹಿಟ್ಟನ್ನು ಬಿದಿರಿನ ಕಡ್ಡಿಗೆ ಹೊಸೆಯುವುದು. ಇದರಲ್ಲಿ ಹಾಲುಮಡ್ಡಿ ಮರದ ಅಂಟನ್ನು ಸೇರಿಸಿದರೆ ಕಡ್ಡಿ ತುಸು ಮೆತ್ತಗಿದ್ದು, ನಿಧಾನವಾಗಿ ಉರಿಯುತ್ತದೆ. ಹೊರದೇಶಗಳ ಧೂಪಪ್ರಿಯರ ಬಾಯಲ್ಲೂ ಈ ಅಂಟಿನ ಹೆಸರು 'ಹಾಲ್‌ಮಡ್ಡಿ' ಎಂದೇ ಉಳಿದಿದೆ. ಇನ್ನೊಂದು ಬಗೆ ಅದ್ದಿದ ಬತ್ತಿ. ಇದ್ದಿಲ ಪುಡಿ, ಮರದ ಹೊಟ್ಟು, ಜಿಗಟು ಸೇರಿಸಿ ವಾಸನೆಯಿಲ್ಲದ ಕಚ್ಚಾ ಬತ್ತಿ ತಯಾರಿಸಿ, ಆಮೇಲೆ ಸುಗಂಧ ದ್ರವದಲ್ಲಿ ಅದ್ದಿ ಒಣಗಿಸುವುದು. ಒಂದೇ ಕಚ್ಚಾ ಬತ್ತಿ ಒಂದು ಡ್ರಮ್ಮಿನಲ್ಲಿ ಮುಳುಗಿದರೆ ಮಲ್ಲಿಗೆ, ಇನ್ನೊಂದರಲ್ಲಿ ಮುಳುಗಿದರೆ ಗುಲಾಬಿ, ಮತ್ತೊಂದರಲ್ಲಿ ಮುಳುಗಿದರೆ ಗಂಧ. ದ್ರವವನ್ನು ತೆಳು ಮಾಡಲು ಡೈಈಥೈಲ್ ಥ್ಯಾಲೇಟಿನಂತಹ ರಾಸಾಯನಿಕ ಬಳಸುವುದು ಈ ಉದ್ಯಮದಲ್ಲಿ ಬಹುಕಾಲದಿಂದ ಇರುವ ರೂಢಿ.

ದ್ರವದಲ್ಲಿನ ಗಂಧದ ವಾಸನೆಯೂ ಮರದಿಂದಲೇ ಬರಬೇಕೆಂದಿಲ್ಲ. ಸ್ಯಾಂಡಲೋರ್, ಜಾವನಾಲ್ ಮುಂತಾದ ಕೃತಕ ಪರಿಮಳಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಇವು ವಿಷವಲ್ಲ, ದುಬಾರಿ ಸುಗಂಧದ್ರವ್ಯಗಳಲ್ಲೂ ಇರುತ್ತವೆ. ತಕರಾರು ಇರುವುದು ಪೊಟ್ಟಣದ ಮೇಲೆ ಕೊರಡಿನ ಚಿತ್ರ ಹಾಕಿ ಒಳಗೆ ಇವನ್ನು ಇಡುವುದರ ಬಗ್ಗೆ.

ಮಸಾಲೆ ಬತ್ತಿಯಲ್ಲೂ ಒಂದು ಸೂಕ್ಷ್ಮವಿದೆ. ಕಾರ್ಖಾನೆಯಲ್ಲಿ ಚೇಗಿನ ಪುಡಿಯಿಂದ ಉಗಿಯ ಮೂಲಕ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ ಊದುಬತ್ತಿ ತಯಾರಕರಿಗೆ ಮಾರಾಟವಾಗುತ್ತದೆ. ಅದು ಶ್ರೀಗಂಧದ ಪುಡಿಯೇ, ಸುಳ್ಳಲ್ಲ. ಆದರೆ ಪರಿಮಳದ ಬಹುಪಾಲು ಅದಾಗಲೇ ಸೋಪಿಗೋ ಅತ್ತರಿಗೋ ಹೋಗಿರುತ್ತದೆ. ಹಾಗೆಯೇ ಎಳೆಯ ಮರದ ಬಿಳಿ ಭಾಗವನ್ನು ಪುಡಿ ಮಾಡಿದರೂ ಅದು 'ಶುದ್ಧ ಶ್ರೀಗಂಧ'ವೇ. ಅರಣ್ಯ ಇಲಾಖೆಯ ಕೋಠಿಗಳಲ್ಲಿ ಗಂಧವನ್ನು ವಿಲಾಯತಿ ಬುದ್, ಚೀನಾ ಬುದ್ ಎಂಬ ದಪ್ಪ ತುಂಡುಗಳಿಂದ ಹಿಡಿದು ಮೀಲ್ವಾ ಚಿಲ್ಟಾ, ಬಸೋಲಾ ಬುಕ್ನಿ, ಗರಗಸದ ಹೊಟ್ಟಿನವರೆಗೆ 18 ದರ್ಜೆಗಳಾಗಿ ವಿಂಗಡಿಸುವ ಪದ್ಧತಿ ಬಂದದ್ದು ಸುಮ್ಮನೆ ಅಲ್ಲ. ಚಿಲ್ಟಾ, ಬುಕ್ನಿಗಳಲ್ಲಿ ಚೇಗಿನ ಜೊತೆ ಬಿಳಿ ಮರವೂ ಕಲೆತಿರುತ್ತದೆ. ಊದುಬತ್ತಿಗೆ ಬರುವುದು ಹೆಚ್ಚಾಗಿ ಈ ಕೆಳಗಿನ ದರ್ಜೆಗಳೇ.

ಬೆಲೆ ಹೇಳುವ ಸತ್ಯ

ಗ್ರಾಹಕನ ಕೈಯಲ್ಲಿರುವ ಅತ್ಯಂತ ನಂಬಿಕೆಯ ಅಳತೆಗೋಲು ಮೂಗಲ್ಲ, ಲೆಕ್ಕ. ಒಂದು ಕಡ್ಡಿಗೆ ಮೆತ್ತಿದ ಹಿಟ್ಟು ಒಂದು ಗ್ರಾಂ ಎಂದುಕೊಳ್ಳೋಣ. ಅದರಲ್ಲಿ ಐದರಲ್ಲೊಂದು ಪಾಲು, ಅಂದರೆ 200 ಮಿಲಿಗ್ರಾಂ, ಎಣ್ಣೆ ತೆಗೆಯದ ಚೇಗಿನ ಪುಡಿ ಇರಲಿ. ಚೇಗಿನ ದರವನ್ನು ಲೆಕ್ಕಕ್ಕಾಗಿ ಕಿಲೋಗೆ ಹತ್ತು ಸಾವಿರ ರೂಪಾಯಿ ಎಂದು ಹಿಡಿದರೆ ಗ್ರಾಮಿಗೆ ಹತ್ತು ರೂಪಾಯಿ. ಕಡ್ಡಿಯೊಂದಕ್ಕೆ ಮರದ ಖರ್ಚೇ ಎರಡು ರೂಪಾಯಿ. ಎಣ್ಣೆಯ ಲೆಕ್ಕವೂ ಹೀಗೆಯೇ. ಶುದ್ಧ ಎಣ್ಣೆಗೆ ಕಿಲೋಗೆ ಲಕ್ಷ ರೂಪಾಯಿಗೂ ಹೆಚ್ಚು ಬೆಲೆ. ಕಡ್ಡಿಯಲ್ಲಿ ಶೇ. 1ರಷ್ಟು, ಅಂದರೆ ಹತ್ತೇ ಮಿಲಿಗ್ರಾಂ ಎಣ್ಣೆ ಇದ್ದರೂ ಒಂದು ರೂಪಾಯಿ ಮೀರುತ್ತದೆ. ಇದರ ಮೇಲೆ ಬಿದಿರು, ಕೂಲಿ, ಪೊಟ್ಟಣ, ಸಾಗಾಟ, ತೆರಿಗೆ, ಅಂಗಡಿಯ ಲಾಭ. ಹೀಗಿರುವಾಗ ಇಪ್ಪತ್ತು ಕಡ್ಡಿಯ ಪೊಟ್ಟಣ ಹದಿನೈದು ರೂಪಾಯಿಗೆ ಸಿಕ್ಕಿದರೆ ಅದರಲ್ಲಿ ಗಂಧ ಇರುವುದು ಚಿತ್ರದಲ್ಲಿ ಮಾತ್ರ ಎಂದು ಧೈರ್ಯವಾಗಿ ಹೇಳಬಹುದು.

ಇದನ್ನು ತಿರುಗಿಸಿ ಹೇಳಲು ಬಾರದು. ಬೆಲೆ ಹೆಚ್ಚಿದ ಮಾತ್ರಕ್ಕೆ ಒಳಗೆ ಗಂಧ ಇದ್ದೇ ಇರುತ್ತದೆ ಎಂದಿಲ್ಲ. ಕಡಿಮೆ ಬೆಲೆ ಗಂಧವಿಲ್ಲ ಎಂಬುದಕ್ಕೆ ಸಾಕ್ಷಿ. ಹೆಚ್ಚಿನ ಬೆಲೆ ಯಾವುದಕ್ಕೂ ಸಾಕ್ಷಿಯಲ್ಲ.

ಪೊಟ್ಟಣದ ಮೇಲಿನ ಬರಹವೂ ಹೆಚ್ಚು ಸಹಾಯಕ್ಕೆ ಬಾರದು. ತಯಾರಕರ ಹೆಸರು, ವಿಳಾಸ, ತೂಕ ಅಥವಾ ಸಂಖ್ಯೆ, ಗರಿಷ್ಠ ಬೆಲೆ, ತಯಾರಾದ ತಿಂಗಳು ಇವು ಕಡ್ಡಾಯ. ಆದರೆ ತಿಂಡಿಯ ಪೊಟ್ಟಣದ ಮೇಲಿರುವಂತೆ ಏನೇನು ಎಷ್ಟೆಷ್ಟು ಹಾಕಿದೆ ಎಂಬ ಪಟ್ಟಿ ಊದುಬತ್ತಿಗೆ ಬೇಕಿಲ್ಲ. 'ಸ್ಯಾಂಡಲ್ ಫ್ರಾಗ್ರೆನ್ಸ್', 'ಚಂದನದ ಪರಿಮಳ' ಎಂದಿದ್ದರೆ ಅದು ವಾಸನೆಯ ವರ್ಣನೆಯೇ ಹೊರತು ವಸ್ತುವಿನ ವಾಗ್ದಾನವಲ್ಲ. 'ಮೈಸೂರು ಅಗರಬತ್ತಿ'ಗೆ 2005ರಲ್ಲಿ ದೊರೆತ ಭೌಗೋಳಿಕ ಸೂಚ್ಯಂಕವನ್ನೂ ಕೆಲವರು ತಪ್ಪಾಗಿ ಅರ್ಥಮಾಡಿಕೊಳ್ಳುವುದುಂಟು. ಅದು ಊರಿಗೂ ಅಲ್ಲಿನ ತಯಾರಿಕಾ ಪರಂಪರೆಗೂ ಸಂದ ಮನ್ನಣೆ; ಪ್ರತಿ ಕಡ್ಡಿಯಲ್ಲಿ ಶ್ರೀಗಂಧವಿದೆ ಎಂಬ ಪ್ರಮಾಣಪತ್ರವಲ್ಲ.

ಸುರಕ್ಷತೆಯ ಮಟ್ಟಿಗೆ ಈಚೆಗೆ ಒಂದು ಹೆಜ್ಜೆ ಇಡಲಾಗಿದೆ. ಭಾರತೀಯ ಮಾನಕ ಬ್ಯೂರೋ 2025ರ ಡಿಸೆಂಬರ್‌ನಲ್ಲಿ ಅಗರಬತ್ತಿಗೆಂದೇ ಐಎಸ್ 19412 ಎಂಬ ಮಾನಕ ಹೊರಡಿಸಿತು. ಅಲೆಥ್ರಿನ್, ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಫಿಪ್ರೊನಿಲ್ ಮುಂತಾದ ಕೀಟನಾಶಕಗಳನ್ನು ಊದುಬತ್ತಿಯಲ್ಲಿ ಬಳಸುವುದನ್ನು ಅದು ನಿಷೇಧಿಸುತ್ತದೆ. ಮಾನಕಕ್ಕೆ ಒಪ್ಪುವ ಉತ್ಪನ್ನ ಬ್ಯೂರೋದ ಗುರುತನ್ನು ಧರಿಸಬಹುದು. ಗುರುತು ಇರುವ ಪೊಟ್ಟಣ ಸಿಕ್ಕರೆ ಅದನ್ನು ಆಯ್ದುಕೊಳ್ಳುವುದು ಲೇಸು.

ಮೂಗಿನ ಪರೀಕ್ಷೆ

ಲೆಕ್ಕದ ನಂತರ ಮೂಗಿನ ಸರದಿ. ಇಲ್ಲಿ ಮೊದಲು ಕಳಚಬೇಕಾದದ್ದು ಸೋಪಿನ ನೆನಪು. ಕನ್ನಡಿಗರ ಪಾಲಿಗೆ ಗಂಧದ ವಾಸನೆ ಎಂದರೆ ಮೈಸೂರು ಸ್ಯಾಂಡಲ್ ಸೋಪಿನ ವಾಸನೆ. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗಬೇಕಿದ್ದ ಮರ ಇಲ್ಲೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಉದ್ಯಮ ತಲೆಯೆತ್ತಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಸಡ್ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ವಿಧಾನವನ್ನು ರೂಪಿಸಿದರು. ಸೋಪಿನ ಸೂತ್ರ ಸೋಸಲೆ ಗರಳಪುರಿ ಶಾಸ್ತ್ರಿಗಳ ಸಾಧನೆ. ಆದರೆ ಸೋಪಿನ ಪರಿಮಳ ಎಣ್ಣೆಯದು, ತಣ್ಣನೆಯದು. ಮರವನ್ನು ಸುಟ್ಟಾಗ ಬರುವುದು ಬೇರೆ: ಮೆದು, ಹಾಲಿನಂತೆ ತುಸು ಸಿಹಿ, ಜೊತೆಗೆ ಸುಟ್ಟ ಮರದ ಒಗರು. ಬಾಗಿಲಾಚೆಗೂ ಘಮ್ಮೆಂದು ಹೊಡೆಯುವ ಗುಣ ಅದಕ್ಕಿಲ್ಲ. ಒಳ್ಳೆಯ ಕಡ್ಡಿ ಕೊಂಡವರು "ವಾಸನೆಯೇ ಇಲ್ಲ" ಎಂದು ಹಿಂದಿರುಗಿಸುವುದೂ, ಕೃತಕ ಪರಿಮಳದ್ದನ್ನು "ಇದೇ ಅಸಲಿ" ಎಂದು ಮೆಚ್ಚುವುದೂ ಈ ಗೊಂದಲದಿಂದಲೇ. ಜೋರು ವಾಸನೆ ಬೇಡುವ ಗ್ರಾಹಕನೇ ಕಲಬೆರಕೆಗೆ ಅರ್ಧ ಕಾರಣ ಎಂದರೆ ತಪ್ಪಾಗದು.

ಹಚ್ಚುವ ಮೊದಲು ಕಡ್ಡಿಯನ್ನು ಮೂಸಿ ನೋಡಬೇಕು. ಪೊಟ್ಟಣ ಒಡೆದೊಡನೆ ಮೂಗಿಗೆ ರಾಚುವ, ಗಂಟಲಲ್ಲಿ ಕೆರೆತ ತರುವ ವಾಸನೆ ಅದ್ದಿದ ಬತ್ತಿಯ ಲಕ್ಷಣ. ಬೆರಳಿಗೆ ಎಣ್ಣೆಯಂತೆ ಜಿಡ್ಡು ಹತ್ತಿದರೂ ಅದೇ ಸೂಚನೆ. ಬಣ್ಣವನ್ನು ನಂಬುವಂತಿಲ್ಲ. ಕಪ್ಪು ಕಡ್ಡಿಯಲ್ಲಿ ಇದ್ದಿಲು ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ಕಂದು ಬಣ್ಣ ಹೊಟ್ಟಿಗೆ ಹಾಕಿದ ಬಣ್ಣವೂ ಆಗಿರಬಹುದು. ಬಿದಿರು ಸುಟ್ಟ ವಾಸನೆ ಕೂಡ ಮೃದುವಾದ ಗಂಧವನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಗಂಧದ ಮಟ್ಟಿಗೆ ಕಡ್ಡಿಯಿಲ್ಲದ ಧೂಪದ ಬತ್ತಿ ಮೇಲು.

ಕಡ್ಡಿಯ ಗೊಡವೆಯೇ ಬೇಡವೆನ್ನುವವರಿಗೆ ಹಳೆಯ ದಾರಿಯೊಂದಿದೆ. ಗಂಧದ ಪುಟ್ಟ ಚೆಕ್ಕೆಯನ್ನೋ ಪುಡಿಯನ್ನೋ ಕೊಂಡು ಧೂಪಾರತಿಯ ಕೆಂಡದಲ್ಲಿ ಬಳಸುವುದು. ಉರಿಗೆಂಡದ ಮೇಲೆ ನೇರವಾಗಿ ಹಾಕಿದರೆ ಪುಡಿ ಕ್ಷಣದಲ್ಲಿ ಸುಟ್ಟು ಹೊಗೆಯಾಗುತ್ತದೆ. ಕೆಂಡದ ಮೇಲೆ ಬೂದಿ ಕಟ್ಟಲು ಬಿಟ್ಟು, ಅದರ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಕಾವಿಗೆ ಎಣ್ಣೆ ಮೆಲ್ಲಗೆ ಆವಿಯಾಗಿ, ಹೊಗೆ ಕಡಿಮೆ, ಪರಿಮಳ ಹೆಚ್ಚು. ಜಪಾನಿನ ಧೂಪಕಲೆಯಲ್ಲೂ ಬೂದಿಯೊಳಗೆ ಕೆಂಡ ಹುದುಗಿಸಿ ಇದನ್ನೇ ಮಾಡುತ್ತಾರೆ. ಕಡ್ಡಿಯೊಂದರಲ್ಲಿ ಇರಬಹುದಾದ ಗಂಧದಷ್ಟೇ ಪುಡಿಗೆ ಇಡೀ ಕೋಣೆ ತುಂಬುವುದನ್ನು ಹೀಗೆ ಪರೀಕ್ಷಿಸಿ ನೋಡಬಹುದು. ಒಮ್ಮೆ ಈ ವಾಸನೆ ಮೂಗಿಗೆ ಪರಿಚಯವಾದರೆ ಮುಂದೆ ಪೊಟ್ಟಣದ ಚಿತ್ರಕ್ಕೆ ಮೋಸಹೋಗುವುದು ಕಡಿಮೆಯಾಗುತ್ತದೆ.

ಎಲ್ಲಿ ಕೊಳ್ಳುವುದು?

ಚೆಕ್ಕೆ, ಪುಡಿಗಳ ವಿಷಯದಲ್ಲಿ ಅಗ್ಗದ ಆಸೆ ಅಪಾಯಕ್ಕೂ ದಾರಿ. ಬಸ್ ನಿಲ್ದಾಣದಲ್ಲೋ ಹೆದ್ದಾರಿಯ ಢಾಬಾದ ಬಳಿಯೋ ಕಾಗದದಲ್ಲಿ ಸುತ್ತಿ ಮಾರುವ 'ಗಂಧದ ಚೆಕ್ಕೆ' ಬಹುಮಟ್ಟಿಗೆ ಯಾವುದೋ ಮರಕ್ಕೆ ಸುಗಂಧ ಸವರಿದ್ದು. ತುಂಡನ್ನು ಸಾಣೆಕಲ್ಲಿನ ಮೇಲೆ ತೇಯ್ದರೆ ಬಂಡವಾಳ ಬಯಲಾಗುತ್ತದೆ: ಅಸಲಿಯಾದರೆ ತೇಯ್ದಷ್ಟೂ ಪರಿಮಳ, ನಕಲಿಯಾದರೆ ಮೇಲುಪದರ ಸವೆದ ಮೇಲೆ ಬರಿ ಮರ. ಒಂದು ವೇಳೆ ಅಸಲಿಯೇ ಆಗಿದ್ದರೆ ಅದು ಕದ್ದ ಮಾಲು ಆಗಿರುವ ಸಂಭವ ಹೆಚ್ಚು. ಕೊಂಡವನೂ ಅರಣ್ಯ ಕಾಯ್ದೆಯಡಿ ಉತ್ತರ ಹೇಳಬೇಕಾದೀತು.

ರಸೀದಿಯೊಂದಿಗೆ ಕೊಳ್ಳಲು ಸರ್ಕಾರಿ ಮಳಿಗೆಗಳಿವೆ. ಬೆಂಗಳೂರು, ಮೈಸೂರಿನ ಕಾವೇರಿ ಕರಕುಶಲ ಎಂಪೋರಿಯಂಗಳು ಅವುಗಳಲ್ಲಿ ಮುಖ್ಯ. ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ (ಕೆಎಸ್‌ಡಿಎಲ್) ತನ್ನದೇ ಎಣ್ಣೆ ಕಾರ್ಖಾನೆಯುಳ್ಳ ಸಂಸ್ಥೆಯಾದ್ದರಿಂದ, ಅದರ ಅಗರಬತ್ತಿಗಳನ್ನು ಹೋಲಿಕೆಗೆ ಮೊದಲ ಮೆಟ್ಟಿಲಾಗಿ ಇಟ್ಟುಕೊಳ್ಳಬಹುದು. ದುರ್ಗದ ಪೇಟೆಯಲ್ಲಿ, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಊದುಬತ್ತಿ ಕೊಳ್ಳುವವರು ಸಂತೆಯ ಗಾಡಿಗಿಂತ ಗ್ರಂಧಿಗೆ ಅಂಗಡಿಯನ್ನು ಆಶ್ರಯಿಸುವುದು ಮೇಲು. ದಿನವೂ ಬೇರು, ನಾರು, ರಾಳಗಳೊಡನೆ ಒಡನಾಡುವ ಅಂಗಡಿಯವರಿಗೆ ಮಾಲಿನ ಗುಣ ಗೊತ್ತಿರುತ್ತದೆ, ಕೇಳಿದರೆ ಹೇಳುವವರೂ ಇರುತ್ತಾರೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ "ಒರಿಜಿನಲ್ಲಾ?" ಎಂಬುದಲ್ಲ, "ಮಸಾಲೆಯದ್ದೋ, ಅದ್ದಿದ್ದೋ?" ಎಂಬುದು.

ಇನ್ನು ಈ ಸೀಮೆಯಲ್ಲೇ ಬೆಳೆದ ಗಂಧದ ಮಾತು. 2001ರ ತಿದ್ದುಪಡಿಯ ನಂತರ ರಾಜ್ಯದ ಬಯಲುಸೀಮೆಯಲ್ಲಿ ರೈತರು ತೋಟದ ಬೆಳೆಗಳ ನಡುವೆ, ಬದುಗಳಲ್ಲಿ ಶ್ರೀಗಂಧ ನೆಡತೊಡಗಿದರು. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಈ ಕೃಷಿಯ ತರಬೇತಿ ನೀಡುತ್ತಿದೆ. ಮೊದಲು ನೆಟ್ಟವರ ಮರಗಳು ಈಗ ಚೇಗು ಕಟ್ಟುವ ವಯಸ್ಸಿನಲ್ಲಿವೆ. ಕಳ್ಳರ ಗರಗಸಕ್ಕೆ ಗುರಿಯಾಗುವ ವಯಸ್ಸೂ ಅದೇ. ಬೇಲಿ, ನಾಯಿ, ಕ್ಯಾಮೆರಾ, ರಾತ್ರಿ ಕಾವಲು ಎಲ್ಲವೂ ಬೆಳೆಗಾರನ ಖರ್ಚು. ಎರಡು ದಶಕ ಕಾಯ್ದವನ ಮರದ ಬೆಲೆಯನ್ನು ಕಳ್ಳಮಾಲಿನ ಬೆಲೆಯೊಡನೆ ಹೋಲಿಸಿ "ದುಬಾರಿ" ಎನ್ನುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊಗೆಯ ವಿಚಾರ

ಅಸಲಿ ಗಂಧದ ಹೊಗೆ ಆರೋಗ್ಯಕ್ಕೆ ಒಳ್ಳೆಯದು ಎಂಬ ನಂಬಿಕೆ ವ್ಯಾಪಕ. ಹೊಗೆ ಯಾವುದಾದರೂ ಹೊಗೆಯೇ. ಅದರಲ್ಲಿ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣ, ಕಾರ್ಬನ್ ಮಾನಾಕ್ಸೈಡ್, ಬೆಂಜೀನ್ ಮುಂತಾದವು ಇರುತ್ತವೆ. ಸಿಂಗಪುರದ 61 ಸಾವಿರಕ್ಕೂ ಹೆಚ್ಚು ಚೀನೀ ಮೂಲದವರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮನೆಯಲ್ಲಿ ದೀರ್ಘಕಾಲ ಧೂಪ ಉರಿಸುವುದಕ್ಕೂ ಶ್ವಾಸನಾಳದ ಮೇಲ್ಭಾಗದ ಕ್ಯಾನ್ಸರಿಗೂ ನಂಟು ಕಂಡಿತು. ಗೂಡಿನಂತಹ ದೇವರ ಕೋಣೆಯಲ್ಲಿ ಬಾಗಿಲು ಮುಚ್ಚಿ ಹತ್ತಾರು ಕಡ್ಡಿ ಉರಿಸುವ ಅಭ್ಯಾಸಕ್ಕೆ ನಗರದ ಫ್ಲ್ಯಾಟುಗಳಲ್ಲಿ ಕಡಿವಾಣ ಬೇಕು. ಒಂದು ಕಡ್ಡಿ, ತೆರೆದ ಕಿಟಕಿ ಸಾಕು. ಉಬ್ಬಸವಿರುವವರು, ಎಳೆಯ ಮಕ್ಕಳು ಇರುವ ಮನೆಯಲ್ಲಿ ಹಚ್ಚದಿರುವುದೇ ಉತ್ತಮ; ತೇಯ್ದ ಗಂಧ ಹೊಗೆಯಿಲ್ಲದೆಯೂ ಪರಿಮಳ ಕೊಡುತ್ತದೆ.

ತಂದ ಕಡ್ಡಿಯನ್ನು ಕರ್ಪೂರದ ಡಬ್ಬಿಯ ಜೊತೆ ಇಡುವುದು ಬಹುತೇಕ ಮನೆಗಳ ರೂಢಿ. ಕರ್ಪೂರದ ತೀಕ್ಷ್ಣತೆ ಎರಡು ವಾರದಲ್ಲಿ ಗಂಧವನ್ನು ನುಂಗಿಬಿಡುತ್ತದೆ. ಬಿಸಿಲು ತಾಗದ ಕಡೆ, ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಬೇರೆಯಾಗಿಯೇ ಇಡಬೇಕು.